ಬಿಳಿ ಗೆರೆಯ ಬಾಳೆಯೂ ಪಕ್ಕದೂರಿನ ರಸಬಾಳೆಯೂ

ಬಾಳೆಯ ಸುಳಿ ಬಿಚ್ಚುವಾಗ ಎಲೆಯ ಮೇಲೆ ಬಿಳಿ ಗೆರೆ ಕಂಡರೆ ನಮ್ಮ ಕಡೆಯ ರೈತರಿಗೆ ಮೊದಲು ಬರುವ ಅನುಮಾನ ರೋಗದ್ದು. ಹವಾಯಿ ದ್ವೀಪಗಳ ‘ಆಯೆ ಆಯೆ’ ಬಾಳೆಗೆ ಆ ಬಿಳುಪೇ ಹೆಗ್ಗಳಿಕೆ. ಎಲೆಯಲ್ಲಿ, ಬಾಳೆಪಟ್ಟೆಯಲ್ಲಿ, ಕಾಯಿಯ ಸಿಪ್ಪೆಯಲ್ಲೂ ಹಸಿರು-ಬಿಳಿ ಗೆರೆ. ಹಿಂದೆ ಇದು ಅಲ್ಲಿನ ಅರಸು ಮನೆತನದವರಿಗೆ ಮೀಸಲಾಗಿತ್ತು ಎನ್ನುತ್ತಾರೆ. ಹೆಂಗಸರಂತೂ ಒಂದೆರಡು ತಳಿ ಬಿಟ್ಟರೆ ಬಾಳೆಹಣ್ಣನ್ನೇ ತಿನ್ನುವಂತಿರಲಿಲ್ಲ. 1819ರಲ್ಲಿ ಎರಡನೆಯ ಕಮೆಹಮೆಹ ದೊರೆ ಹೆಂಗಸರ ಪಂಕ್ತಿಯಲ್ಲೇ ಕೂತು ಉಂಡು ಆ ಕಟ್ಟಳೆಯನ್ನು ಮುರಿದ.

ಈ ಗೆರೆ ಹುಟ್ಟುವ ಜಾಗ ಕಣ್ಣಿಗೆ ಕಾಣುವಂಥದ್ದಲ್ಲ. ಬಾಳೆಯ ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಮೇಲೆ ಕಂಬದ ಹಾಗೆ ನಿಂತಿರುವುದು ಒಂದನ್ನೊಂದು ಅಪ್ಪಿಕೊಂಡ ಎಲೆಪಟ್ಟೆಗಳು. ಗಡ್ಡೆಯ ನೆತ್ತಿಯಲ್ಲಿ ಬೆಳವಣಿಗೆಯ ತುದಿಯೊಂದಿದೆ. ಅಲ್ಲಿ ಜೀವಕೋಶಗಳು ಪದರ ಪದರವಾಗಿ ಕೂತು ಒಡೆಯುತ್ತ, ಎಲೆಯ ಮೇಲೆ ಎಲೆಯನ್ನು ಹೊರಗೆ ತಳ್ಳುತ್ತವೆ. ಎಂದೋ ಒಂದು ಕೋಶ ಪತ್ರಹರಿತ್ತು ತಯಾರಿಸುವ ಶಕ್ತಿ ಕಳೆದುಕೊಂಡಿತು. ಅದರ ಸಂತತಿಯೆಲ್ಲ ಬಿಳಿ, ಪಕ್ಕದ ಕೋಶಗಳ ಸಂತತಿ ಹಸಿರು. ಒಂದೇ ಗಿಡದಲ್ಲಿ ಎರಡು ಕೋಶವಂಶ ಹೀಗೆ ಕೂಡಿ ಬಾಳುವುದನ್ನು ವಿಜ್ಞಾನಿಗಳು ಕೈಮೆರಾ ಎಂದು ಕರೆಯುತ್ತಾರೆ. ಬಾಳೆಯೆಲೆಯ ನರಗಳು ನಡುದಿಂಡಿನಿಂದ ಅಂಚಿಗೆ ಅಡ್ಡಡ್ಡ ಹರಿಯುವುದರಿಂದ ಬಿಳುಪೂ ಅದೇ ದಾರಿ ಹಿಡಿಯುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅಚ್ಚ ಹಸಿರು, ಅಚ್ಚ ಬಿಳಿಗಳ ನಡುವೆ ಬೂದು ಬೆರೆತ ಹಸಿರೂ ಕಾಣುತ್ತದೆ. ಅಲ್ಲಿ ಒಂದು ಪದರ ಹಸಿರು, ಅದರಡಿಯದು ಬಿಳಿ.

ಬಿಳಿ ಭಾಗ ದುಡಿಯದೆ ಉಣ್ಣುವ ಭಾಗ. ಹಸಿರು ಭಾಗ ಬಿಸಿಲಿನಿಂದ ತಯಾರಿಸಿದ ಸಕ್ಕರೆಯಲ್ಲೇ ಎರಡೂ ಬದುಕಬೇಕು. ಆದ್ದರಿಂದಲೇ ಈ ಗಿಡ ನಿಧಾನವಾಗಿ ಬೆಳೆಯುತ್ತದೆ.

ಮೈಸೂರಿನ ಪಕ್ಕದ ನಮ್ಮ ಮಂಡಕಳ್ಳಿಯ ಹಿತ್ತಲಿನಲ್ಲಿ ಇದನ್ನು ಬೆಳೆಸಬಹುದೇ? ಬೆಳೆಸಬಹುದು, ಆದರೆ ಹವಾಯಿಯ ತೇವದ ಗಾಳಿ ಇಲ್ಲಿಲ್ಲ. ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿಗೆ ಬಿಳಿ ಗೆರೆಗಳೇ ಮೊದಲು ಕಂದಿ ಕಾಗದದ ಹಾಗೆ ಒಣಗುತ್ತವೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಮನೆಯದೋ ತೆಂಗಿನದೋ ನೆರಳು ಸಿಗುವ ಪೂರ್ವ ಮಗ್ಗುಲು ಇದಕ್ಕೆ ಒಳ್ಳೆಯದು. ಬುಡಕ್ಕೆ ತರಗೆಲೆಯ ದಪ್ಪ ಮುಚ್ಚಿಗೆ, ಧಾರಾಳವಾಗಿ ಕೊಟ್ಟಿಗೆ ಗೊಬ್ಬರ ಬೇಕು. ಬಾಳೆಗೆ ಒಲೆಬೂದಿ ಹಾಕುವುದು ನಮ್ಮಲ್ಲಿ ರೂಢಿ. ಇದಕ್ಕೆ ಮಾತ್ರ ಬೇಡ. ಬೂದಿ ಮಣ್ಣನ್ನು ಕ್ಷಾರವಾಗಿಸಿ ಕಬ್ಬಿಣದ ಅಂಶ ಬೇರಿಗೆ ದಕ್ಕದಂತೆ ಮಾಡುತ್ತದೆ, ಆಗ ಉಳಿದ ಹಸಿರೂ ಪೇಲವವಾಗುತ್ತದೆ.

ನಿಜವಾದ ಕೆಲಸ ಶುರುವಾಗುವುದು ಕಂದು ಹೊಡೆದಾಗ. ತಾಯಿಗಡ್ಡೆಯ ಯಾವ ಭಾಗದಿಂದ ಮೊಗ್ಗು ಎದ್ದಿತು ಎಂಬುದರ ಮೇಲೆ ಕಂದಿನ ಬಣ್ಣ ನಿಂತಿದೆ. ಪೂರ್ತಿ ಬಿಳಿಯ ಕಂದು ತಾಯಿಯ ಆಸರೆಯಲ್ಲಿರುವಷ್ಟು ದಿನ ಚೆಂದ, ಬೇರ್ಪಡಿಸಿದರೆ ಸಾಯುತ್ತದೆ. ಪೂರ್ತಿ ಹಸಿರಿನದು ಎಲ್ಲಕ್ಕಿಂತ ವೇಗವಾಗಿ ಬೆಳೆದು ಮೆಳೆಯನ್ನೇ ಆಕ್ರಮಿಸುತ್ತದೆ; ಅದನ್ನು ಎಳೆಯದಾಗಿರುವಾಗಲೇ ಬುಡಸಹಿತ ತೆಗೆಯಬೇಕು. ಎರಡೂ ಬಣ್ಣ ಸಮನಾಗಿ ಬೆರೆತ ಕತ್ತಿಯೆಲೆಯ ಕಂದೇ ಮುಂದಿನ ಗಿಡ. ಅಂಗಾಂಶ ಕೃಷಿಯನ್ನೂ ಇಲ್ಲಿ ನೆಚ್ಚುವಂತಿಲ್ಲ. ಪ್ರಯೋಗಾಲಯದಲ್ಲಿ ಹೊಸ ಮೊಳಕೆ ಒಂದೇ ಕೋಶವಂಶದಿಂದ ಎದ್ದರೆ ಗೆರೆ ಮಾಯವಾಗುತ್ತದೆ. ಗಿಡದ ಬೆಲೆ ಇಷ್ಟು ದುಬಾರಿಯಾಗಿರುವುದಕ್ಕೆ ಇದೂ ಒಂದು ಕಾರಣ. ಪಾಲಿನೇಷ್ಯದ ಜನ ದೋಣಿಗಳಲ್ಲಿ ಬಾಳೆಕಂದು ಹೊತ್ತು ಹವಾಯಿಗೆ ಹೋದ ಕಾಲದಿಂದ ಇಂದಿನವರೆಗೂ ತಲೆಮಾರಿನಿಂದ ತಲೆಮಾರಿಗೆ ಯಾರೋ ಒಬ್ಬರು ಕಣ್ಣಿಟ್ಟು ಕಂದು ಆರಿಸಿದ್ದರಿಂದಲೇ ಇಂಥ ಬಾಳೆಗಳು ಉಳಿದಿವೆ.

ರೋಗದ ಗೆರೆಗೂ ಇದಕ್ಕೂ ವ್ಯತ್ಯಾಸ ತಿಳಿದಿರಬೇಕು. ಸ್ಟ್ರೀಕ್ ವೈರಸ್ಸಿನ ಗೆರೆ ಹಳದಿ, ತುಂಡು ತುಂಡು, ಕ್ರಮೇಣ ಕಂದಿ ಕಪ್ಪಾಗುತ್ತದೆ. ಈ ವೈರಸ್ಸಿನ ಒಂದು ಬಗೆಗೆ ನಮ್ಮ ಮೈಸೂರಿನ ಹೆಸರೇ ಇದೆ: ತಮಿಳುನಾಡಿನ ಪೂವನ್ ಬಾಳೆಯನ್ನು ಹೊರದೇಶಗಳಲ್ಲಿ ‘ಮೈಸೂರು’ ಎನ್ನುತ್ತಾರೆ, ಅದರಲ್ಲಿ ಸಿಕ್ಕ ವೈರಸ್ಸಿಗೂ ಅದೇ ಹೆಸರು ಅಂಟಿತು. ಬಂಚಿಟಾಪ್ ರೋಗದಲ್ಲಿ ಎಲೆತೊಟ್ಟಿನ ಮೇಲೆ ಕಡುಹಸಿರು ಚುಕ್ಕಿ-ಗೀಟುಗಳು ಮೂಡಿ, ಹೊಸ ಎಲೆಗಳು ಗಿಡ್ಡವಾಗಿ ತುದಿಯಲ್ಲಿ ಗುಂಪುಗೂಡುತ್ತವೆ. ಅಂಥ ಗಿಡವನ್ನು ಉಳಿಸಿಕೊಳ್ಳಬಾರದು, ಸಸ್ಯಹೇನುಗಳು ಆ ರೋಗವನ್ನು ನೆರೆಹೊರೆಗೆಲ್ಲ ಹಂಚುತ್ತವೆ.

ಮಂಡಕಳ್ಳಿಯವರಿಗೆ ಇನ್ನೂ ಒಂದು ಹೊಣೆಯಿದೆ. ಮೈಸೂರಿನಿಂದ ಇಲ್ಲಿಗೆ ಬರುವ ರಸ್ತೆಯಲ್ಲೇ ಮುಂದೆ ಹೋದರೆ ನಂಜನಗೂಡು. 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಕೆಲವೇ ತೋಟಗಳಿಗೆ ಇಳಿದಿದೆ. ರಸಬಾಳೆಯಲ್ಲೂ ಆಯೆ ಆಯೆಯಲ್ಲೂ ವರ್ಣತಂತುಗಳ ಮೂರು ಕಟ್ಟು: ಎರಡು ಮ್ಯೂಸಾ ಅಕ್ಯುಮಿನೇಟಾದವು, ಒಂದು ಮ್ಯೂಸಾ ಬಾಲ್ಬಿಸಿಯಾನಾದ್ದು. ಕಟ್ಟು ಬೆಸವಾದ್ದರಿಂದ ಬೀಜ ಕಟ್ಟುವುದಿಲ್ಲ, ಎರಡಕ್ಕೂ ಕಂದೇ ಗತಿ. ಸೊರಗು ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಮುರಿದು ಬೀಳುತ್ತವೆ, ಬುಡ ಸೀಳುತ್ತದೆ. ಗಿಡ ಸತ್ತರೂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹೊರಗೆ ಏನೂ ಕಾಣದ ಕಂದಿನೊಳಗೂ ಅದು ಕೂತಿರಬಹುದು.

ಹಾಗಾಗಿ ವಿದೇಶದಿಂದ ಪರವಾನಗಿಯಿಲ್ಲದೆ ಕಂದು ತರುವುದನ್ನು ಯೋಚಿಸಲೇಬಾರದು, ಅದು ಕಾನೂನಿಗೂ ವಿರುದ್ಧ. ಇಲ್ಲೇ ಕೊಂಡ ಗಿಡವನ್ನೂ ನೇರವಾಗಿ ನೆಲಕ್ಕೆ ಇಡಬೇಡಿ. ಬೇರು ಸವರಿ, ಗಡ್ಡೆಯ ಹೊರಮೈಯನ್ನು ತೆಳ್ಳಗೆ ಹೆರೆದು ನೋಡಿ, ಒಳಗೆ ಬೆಳ್ಳಗಿರಬೇಕು. ಕೆಂಗಂದು ಚುಕ್ಕೆಗಳಿದ್ದರೆ ಮಣ್ಣುಸಹಿತ ಸುಟ್ಟುಬಿಡಿ, ಕುಡುಗೋಲನ್ನೂ ತೊಳೆಯಿರಿ. ಚೊಕ್ಕವಾಗಿದ್ದರೆ ಮೊದಲ ವರ್ಷ ದೊಡ್ಡ ಕುಂಡದಲ್ಲಿ, ಕಲ್ಲಿನ ಮೇಲೆ, ಬಸಿದ ನೀರು ತೋಟಕ್ಕೆ ಹರಿಯದ ಕಡೆ ಬೆಳೆಸಿ.