ಖಾಕಿಗೆ ಸೆಳೆಯುವುದು, ಖಾಕಿಯಲ್ಲೇ ಉಳಿಸಿಕೊಳ್ಳುವುದು

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ ಕಡೆ ಪಿಯುಸಿ ಮುಗಿಸಿದ ಹುಡುಗರಿಗೆ ದೇವನಹಳ್ಳಿಯ ಕಾರ್ಖಾನೆ, ವಿಮಾನ ನಿಲ್ದಾಣದ ಕೆಲಸಗಳು ಕೈಗೆಟುಕುವಷ್ಟು ಹತ್ತಿರ. ಹಾಗಿದ್ದೂ ನಸುಕಿನಲ್ಲೇ ಎದ್ದು 1,600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಲು ಬೆವರು ಹರಿಸುವವರಿದ್ದಾರೆ. ಕಾನ್‌ಸ್ಟೆಬಲ್ ಹುದ್ದೆಗೆ ಇವರನ್ನು ಸೆಳೆಯಲು, ಸೇರಿದವರು ಬಿಟ್ಟು ಹೋಗದಂತೆ ನೋಡಿಕೊಳ್ಳಲು ಸರ್ಕಾರದ ಬಳಿ ಇರುವುದೇನು?

ಸಂಬಳಕ್ಕಿಂತ ಮೊದಲು ಜಿಲ್ಲೆಯ ಮಾತು. ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿ ನಡೆಯುವುದು ಘಟಕವಾರು. ಚಿಕ್ಕಬಳ್ಳಾಪುರ ಘಟಕಕ್ಕೆ ಆಯ್ಕೆಯಾದವರು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಜಿಲ್ಲೆಯೊಳಗೇ ತಿರುಗಾಡುತ್ತಾರೆ. ಸೇವಾ ಜ್ಯೇಷ್ಠತೆಯ ಪಟ್ಟಿಯೂ ಜಿಲ್ಲೆಯದೇ. ಬೇರೆ ಜಿಲ್ಲೆಗೆ ಹೋಗಬೇಕೆಂದರೆ ಸಾಮಾನ್ಯವಾಗಿ ಅಲ್ಲಿನ ಪಟ್ಟಿಯ ತಳಕ್ಕೆ ಇಳಿಯಬೇಕು. ಊರಲ್ಲಿ ಹೊಲ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವನಿಗೆ ಇದಕ್ಕಿಂತ ದೊಡ್ಡ ಆಮಿಷ ಇಲ್ಲ. ಬೇರೆ ಊರಿನಿಂದ ಬಂದವನಿಗೆ ಇದೇ ಬೇಡಿ. ಠಾಣೆಗೂ ಲಾಭವಿದೆ. ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಯ ಎಷ್ಟೋ ಹಳ್ಳಿಗಳ ಮನೆಮಾತು ತೆಲುಗು. ಅಜ್ಜಿಯೊಬ್ಬಳ ದೂರನ್ನು ಅವಳ ಮಾತಿನಲ್ಲೇ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಬಲ್ಲ ಪೊಲೀಸ್ ತರಬೇತಿಯಿಂದ ತಯಾರಾಗುವುದಿಲ್ಲ, ಇಲ್ಲೇ ಹುಟ್ಟಿ ಬೆಳೆದಿರಬೇಕು.

ಆದರೆ ಇದು ಸ್ಥಳೀಯರಿಗಿಟ್ಟ ಮೀಸಲಾತಿ ಅಲ್ಲ ಎಂಬುದು ಗೊತ್ತಿರಲಿ. 371ಜೆ ವಿಧಿಯ ಸ್ಥಳೀಯ ವೃಂದದ ಸವಲತ್ತು ಕಲ್ಯಾಣ ಕರ್ನಾಟಕದವರಿಗೆ. ನಮ್ಮ ಜಿಲ್ಲೆಯ ಹುದ್ದೆಗೆ ವಿಜಯಪುರದವರೂ ಅರ್ಜಿ ಹಾಕಬಹುದು. ಮಂಡಿಕಲ್ ಹುಡುಗನಿಗೆ ನೆರವಾಗುವುದು ಶೇ 25ರ ಗ್ರಾಮೀಣ ಮೀಸಲಾತಿ ಮತ್ತು ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಓದೇ ಆಧಾರ: ಮೊದಲನೆಯದಕ್ಕೆ ಹಳ್ಳಿ ಶಾಲೆ, ಎರಡನೆಯದಕ್ಕೆ ಕನ್ನಡ ಮಾಧ್ಯಮ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆ ಬಿಇಒ ಮೇಲುಸಹಿ ಬೇಕು. ಸಾಮಾನ್ಯ ವರ್ಗದವರಾದರೆ ತಹಶೀಲ್ದಾರರ ಕಾಗದವೂ ಬೇಕು. ಅರ್ಜಿ ಕರೆದ ಮೇಲೆ ಇವಕ್ಕೆ ಅಲೆಯುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಮಹಿಳೆಯರಿಗೆ ಶೇ 25ರಷ್ಟು ಹುದ್ದೆಗಳು ಮೀಸಲು.

ಇನ್ನು ಸಂಬಳ. 2016ರ ಜೂನ್‌ನಲ್ಲಿ ಪೊಲೀಸರು ಸಾಮೂಹಿಕ ರಜೆಯ ಬೆದರಿಕೆ ಹಾಕಿದ ಮೇಲೆಯೇ ಸರ್ಕಾರ ಈ ವಿಷಯವನ್ನು ಗಂಭೀರವಾಗಿ ನೋಡಿದ್ದು. ಅದೇ ವರ್ಷ ತಿಂಗಳಿಗೆ 2,000 ರೂಪಾಯಿಯ ಕಷ್ಟ ಭತ್ಯೆ ಬಂತು. ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿಯ ವರದಿ ಮಾತ್ರ ಜಾರಿಗೆ ಬರಲು 2019ರ ಆಗಸ್ಟ್ ಆಗಬೇಕಾಯಿತು, ಅದೂ ಭಾಗಶಃ. ಆಗ ಕಾನ್‌ಸ್ಟೆಬಲ್ ವೇತನ ಶ್ರೇಣಿಯ ಆರಂಭ 23,500 ರೂಪಾಯಿಗೆ ಏರಿತು. ಹೊಸಬರಿಗೆ ಕೈತುಂಬಾ ಸಿಕ್ಕಿತು, ವರ್ಷಗಟ್ಟಲೆ ದುಡಿದ ನಮಗೇನು ಎಂಬ ಹಳಬರ ಗೊಣಗಾಟ ಬಹುಕಾಲ ಮುಗಿಯಲಿಲ್ಲ. ಸೆಳೆಯುವ ಹಣವೇ ಉಳಿದವರನ್ನು ಬೇಸರಪಡಿಸಿದ ಉದಾಹರಣೆ ಇದು. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗದ ಏರಿಕೆ ಎಲ್ಲ ನೌಕರರಂತೆ ಇವರಿಗೂ ದಕ್ಕಿತು.

ಉಳಿಸಿಕೊಳ್ಳುವ ಲೆಕ್ಕದಲ್ಲಿ ಪೊಲೀಸ್ ಕ್ವಾರ್ಟರ್ಸ್, ಕುಟುಂಬಕ್ಕೂ ನಗದುರಹಿತ ಚಿಕಿತ್ಸೆ ಕೊಡುವ ಆರೋಗ್ಯ ಭಾಗ್ಯ, ಬಡ್ತಿ ಸಿಗದೆ ಹತ್ತು ವರ್ಷ ಕಳೆದವರಿಗೆ ಕಾಲಮಿತಿ ವೇತನ ಬಡ್ತಿ ಇವೆ. ಮನೆ ಕಟ್ಟುವ ಹೊಣೆ 1985ರಲ್ಲಿ ಹುಟ್ಟಿದ ಪೊಲೀಸ್ ವಸತಿ ನಿಗಮದ್ದು. ನನಗೆ ಕೇಳಿದರೆ, ಕಾನ್‌ಸ್ಟೆಬಲ್ ಹೆಂಡತಿಯ ಮಟ್ಟಿಗೆ ಭತ್ಯೆಗಿಂತ ಕ್ವಾರ್ಟರ್ಸ್‌ನ ಬೀಗದ ಕೈಗೇ ತೂಕ ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ಹಳೆಯ ಅಗಲ ಟೋಪಿ ಹೋಗಿ ಪೀಕ್ ಕ್ಯಾಪ್ ಬಂತು. ಬಿಸಿಲಿನಲ್ಲಿ ನಿಲ್ಲುವವರಿಗೆ ಅದೂ ಸಣ್ಣ ವಿಷಯವಲ್ಲ.

ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಪಿಎಸ್‌ಐ ಆಗುವ ದಾರಿಯೂ ಉಂಟು. ಸೇವಾನಿರತರಿಗೆ ವಯೋಮಿತಿಯಲ್ಲಿ ಸಡಿಲಿಕೆ ಇದೆ. ಆದರೆ 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅರ್ಜಿ ಹಾಕಿದವರ ವಯಸ್ಸು ಅಷ್ಟು ದಿನ ನಿಂತಿರಲಿಲ್ಲ. ಯಾವ ಭತ್ಯೆ ಹೆಚ್ಚಿಸುವುದಕ್ಕೂ ಮೊದಲು ಅಧಿಸೂಚನೆಯಿಂದ ಆದೇಶ ಪತ್ರದವರೆಗಿನ ಈ ಕಾಯುವಿಕೆಯನ್ನೇ ಸರ್ಕಾರ ಕಡಿಮೆ ಮಾಡಬೇಕಾಗಿದೆ.