ಅಜ್ಜಿಯ ಚೀಲಕ್ಕೊಂದು ಮೇಣದ ಹೊದಿಕೆ

ಹೋದ ವರ್ಷ ಆಷಾಢದ ಒಂದು ಸಂಜೆ ಖಾನಾಪುರದಿಂದ ಮೊಮ್ಮಗಳ ಫೋನ್ ಬಂತು. ದನಿಯಲ್ಲಿ ಅಳು ತುಂಬಿತ್ತು.

"ಅಜ್ಜಾ, ಅಜ್ಜಿ ಹೊಲದ ಚೀಲ ತೊಯ್ದು ತೊಪ್ಪಿ ಆತು. ಒಳಗಿನ ಕನ್ನಡ ನೋಟಬುಕ್ಕಿನ ಶಾಯಿ ಎಲ್ಲಾ ಹರದೈತಿ."

ಆ ಚೀಲ ನನ್ನ ಹೆಂಡತಿ ಕೊನೆಯದಾಗಿ ಹೊಲಿದದ್ದು. ಹುದಲಿಯ ದಪ್ಪ ಖಾದಿ ಬಟ್ಟೆ, ಮುಚ್ಚಳದ ಮೇಲೆ ಕೆಂಪು ನೂಲಿನ ಕಸೂತಿ ಗೋಪುರ. ಹುದಲಿ ನಮ್ಮ ಬೆಳಗಾವಿ ತಾಲೂಕಿನದೇ ಊರು. 1937ರಲ್ಲಿ ಗಾಂಧೀಜಿ ಬಂದು ಹೋದ ಊರು, ಖಾದಿಗೆ ಹೆಸರಾದ ಊರು. ಚೀಲ ಹೊಲಿದ ಕೈ ಈಗ ಇಲ್ಲ. ಮೊಮ್ಮಗಳು ನಲವತ್ತು ಪುಟ ಮತ್ತೆ ಬರೆದಳು. ಚೀಲವನ್ನು ಕಪಾಟಿನಲ್ಲಿಟ್ಟು, ಪ್ಲಾಸ್ಟಿಕ್ ಚೀಲ ಹಿಡಿದು ಶಾಲೆಗೆ ಹೊರಟಳು. ನನಗೆ ಮನಸ್ಸು ತಡೆಯಲಿಲ್ಲ.

ಬೆಳಗಾವಿಯಲ್ಲಿ ಮಳೆ ಜಿಟಿಜಿಟಿ ಎಂದು ದಿನಗಟ್ಟಲೆ ಹನಿಯುತ್ತದೆ. ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ದಾಟಿ, ಜಾಂಬೋಟಿಯ ಕಾಡು ಹೊಕ್ಕು, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಅದೇ ಮಳೆ ಧೋ ಎಂದು ಸುರಿಯುತ್ತದೆ. ಇಂಥ ಸೀಮೆಯಲ್ಲಿ ರೇನ್‌ಕೋಟ್ ಬರುವ ಮೊದಲು ಜನ ಏನು ಮಾಡುತ್ತಿದ್ದರು? ನನ್ನ ಅಪ್ಪ ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಚಿ, ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಕುರಿಯ ಉಣ್ಣೆಯಲ್ಲಿ ಹುಟ್ಟಾ ಒಂದು ಜಿಡ್ಡು ಇರುತ್ತದೆ. ಮಳೆಹನಿ ಕಂಬಳಿಯ ಮೇಲೆ ಬಿದ್ದು ಜಾರಿ ಹೋಗುವುದಕ್ಕೆ ಆ ಜಿಡ್ಡೂ ಒಂದು ಕಾರಣ.

ಮುಂದಿನ ಭಾನುವಾರ ನಾನು ಖಾನಾಪುರಕ್ಕೆ ಹೋದೆ. ಹಿತ್ತಲಲ್ಲಿ ಕೆಸುವಿನ ಎಲೆಗಳು ಆನೆಯ ಕಿವಿಯಂತೆ ಹರಡಿದ್ದವು. ಅಳುವಡಿಗೆಂದು ಮಗಳು ಬೆಳೆಸಿದ್ದಳು. ಮೊಮ್ಮಗಳ ಕೈಗೆ ಒಂದು ಎಲೆ ಕೊಟ್ಟು ನೀರು ಚಿಮುಕಿಸಲು ಹೇಳಿದೆ. ಹನಿಗಳು ಪಾದರಸದ ಗುಂಡಿನಂತೆ ಉರುಳಾಡಿದವು.

"ಯಾಕಜ್ಜಾ, ಎಲಿ ನೀರ ಕುಡೀವಲ್ದು?"

"ಅದರ ಮೈಮ್ಯಾಲ ಮೇಣ ಐತಿ, ನೋಡವಾ."

ಮಕ್ಕಳೇ, ಕೆಸು ಮತ್ತು ತಾವರೆ ಎಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ. ಅವುಗಳ ಮೇಲೆ ಮೇಣದ ಪದರವಿದೆ. ನೀರಿಗೂ ಮೇಣಕ್ಕೂ ಸ್ನೇಹವಿಲ್ಲ. ಹಾಗಾಗಿ ಹನಿ ಹರಡಿಕೊಳ್ಳದೆ ಗುಂಡಗಾಗಿ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಥ್‌ಲಾಟ್ ತಮ್ಮ ಸಹೋದ್ಯೋಗಿಯೊಂದಿಗೆ 1997ರಲ್ಲಿ ಈ ಗುಣವನ್ನು ವಿವರವಾಗಿ ಬರೆದರು. ತಾವರೆ ಎಲೆಯ ಮೇಲಿನ ನೀರಿನ ಮಾತು ನಮ್ಮ ಹಿರಿಯರ ಬಾಯಲ್ಲಿ ಅದಕ್ಕೂ ಬಹಳ ಹಿಂದಿನಿಂದ ಇತ್ತು.

ಹತ್ತಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಹತ್ತಿಯ ಎಳೆ ನೀರನ್ನು ಎಳೆದುಕೊಳ್ಳುತ್ತದೆ. ಆ ಎಳೆಗೆ ಮೇಣ ತೊಡಿಸಿದರೆ? ಮರಾಠಿ ಮಾತಾಡುವ ನಮ್ಮ ನೆರೆಯವರು ನೀರು ತಡೆಯುವ ಬಟ್ಟೆಗೆ 'ಮೇಣಕಾಪಡ' ಎನ್ನುತ್ತಾರೆ. ಉಪಾಯ ಆ ಹೆಸರಿನಲ್ಲೇ ಇದೆ. ಹಿಂದೆ ಹಾಯಿ ಹಡಗಿನ ನಾವಿಕರು ಹಾಯಿಬಟ್ಟೆಗೆ ಅಗಸೆ ಎಣ್ಣೆ ಹಚ್ಚಿ ಮಳೆಯಂಗಿ ಮಾಡಿಕೊಳ್ಳುತ್ತಿದ್ದರು. ನಾವು ರೊಟ್ಟಿಯ ಜೊತೆ ಚಟ್ನಿಪುಡಿ ಮಾಡಿ ತಿನ್ನುವ ಅದೇ ಅಗಸೆ! ಆದರೆ ಮನೆಯಲ್ಲಿ ಆ ಪ್ರಯೋಗ ಬೇಡ. ಅಗಸೆ ಎಣ್ಣೆ ಹೀರಿದ ಚಿಂದಿ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮೇಣಕ್ಕೆ ಆ ಕೆಟ್ಟ ಗುಣವಿಲ್ಲ.

ಚೀಲಕ್ಕೆ ಕೈ ಹಚ್ಚುವ ಧೈರ್ಯ ನನಗಿರಲಿಲ್ಲ. ಒಮ್ಮೆ ಮೇಣ ಕುಡಿದ ಬಟ್ಟೆಯಿಂದ ಅದನ್ನು ಪೂರ್ತಿ ತೆಗೆಯುವುದು ಸುಲಭವಲ್ಲ. ಬೆಳಗಾವಿಗೆ ಮರಳಿ ನನ್ನ ಹಳೆಯ ಹತ್ತಿ ಕೋಟನ್ನೇ ಬಲಿ ಕೊಟ್ಟೆ. ಬಿಳಿ ಮೇಣಬತ್ತಿಯನ್ನು ಕೋಟಿನ ತುಂಬ ತಿಕ್ಕಿ, ಮೇಲೆ ಕಾಗದವಿಟ್ಟು ಇಸ್ತ್ರಿ ಮಾಡಿದೆ. ಅದನ್ನು ತೊಟ್ಟು ಜಿಟಿಜಿಟಿ ಮಳೆಯಲ್ಲಿ ಶಹಾಪುರದ ಪೇಟೆಗೆ ಹೊರಟಾಗ ನಾನೇ ರಾಜ! ಹನಿಗಳು ಮುತ್ತಿನಂತೆ ಉರುಳಿದವು. ಆದರೆ ಅಂಗಡಿಯಲ್ಲಿ ದುಡ್ಡು ತೆಗೆಯಲು ಕೈ ಮಡಚಿದ್ದೇ ತಡ, ಮೊಣಕೈಯಲ್ಲಿ ಮೇಣ ಬಿರುಕು ಬಿಟ್ಟು ಹಪ್ಪಳದ ಚೂರಿನಂತೆ ಉದುರಿತು. ಮನೆಗೆ ಬರುವಷ್ಟರಲ್ಲಿ ಹೆಗಲ ಹೊಲಿಗೆಯೂ ಸೋರಿತ್ತು.

ಇದರಿಂದ ಎರಡು ಪಾಠ ಕಲಿತೆ. ಒಂದು, ಮೇಣಬತ್ತಿಯ ಮೇಣ ಪೆಡಸು, ಅದಕ್ಕೆ ಜಗ್ಗುವ ಗುಣ ಕಡಿಮೆ. ಎರಡು, ಮೇಣ ಎಳೆಗೆ ಹೊದಿಕೆಯಾಗುತ್ತದೆಯೇ ಹೊರತು ಸೂಜಿ ಮಾಡಿದ ತೂತನ್ನು ತಾನಾಗಿ ಮುಚ್ಚುವುದಿಲ್ಲ. ಹೊಲಿಗೆಯ ಮೇಲೆ ಎರಡೆರಡು ಸಲ ತಿಕ್ಕಬೇಕು.

ಖಾನಾಪುರದಲ್ಲಿ ಜೇನು ಮಾರುವ ಪರಿಚಯದವರೊಬ್ಬರು ಒಂದು ಮುದ್ದೆ ಜೇನುಮೇಣ ಕೊಟ್ಟರು. ಜೇನು ಹಿಂಡಿದ ಮೇಲೆ ಉಳಿದ ಹುಟ್ಟನ್ನು ನೀರಿನಲ್ಲಿ ಬಿಸಿ ಮಾಡಿ ಸೋಸಿದರೆ, ಆರಿದಾಗ ಮೇಣ ಮೇಲೆ ತೇಲಿ ಗಟ್ಟಿಯಾಗುತ್ತದೆ. ಹುಳಗಳು ತಮ್ಮ ಹೊಟ್ಟೆಯ ಕೆಳಗಿನ ಗ್ರಂಥಿಗಳಿಂದ ಒಸರಿಸಿ ಕಟ್ಟಿದ ಮೇಣ ಅದು. ಕೈಯಲ್ಲಿ ಹಿಡಿದರೆ ಮೆತ್ತಗಾಗುತ್ತದೆ, ಜೇನಿನ ವಾಸನೆ ಬರುತ್ತದೆ.

ನಾವು ಮಾಡಿದ್ದು ಹೀಗೆ. ಎರಡು ಪಾಲು ಜೇನುಮೇಣ, ಒಂದು ಪಾಲು ಮೇಣಬತ್ತಿ. ಒಂದು ಹಳೆಯ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದೆವು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೆ ಬಿಸಿನೀರೇ ಸಾಕು. ಕರಗಿದ್ದನ್ನು ಬಟ್ಟಲಿಗೆ ಹೊಯ್ದು ಆರಿಸಿದಾಗ ಸಾಬೂನಿನಂಥ ಬಿಲ್ಲೆಯಾಯಿತು. ತೊಳೆದು ಚೆನ್ನಾಗಿ ಒಣಗಿಸಿದ ಬಟ್ಟೆಗೆ ಅದನ್ನು ತಿಕ್ಕುವ ಕೆಲಸ ಮಕ್ಕಳದು. ಒಲೆ ಮತ್ತು ಇಸ್ತ್ರಿಪೆಟ್ಟಿಗೆ ದೊಡ್ಡವರ ಕೈಯಲ್ಲೇ ಇರಬೇಕು. ಬಟ್ಟೆಯ ಮೇಲೆ ಕೆಳಗೆ ಅಚ್ಚಿಲ್ಲದ ಕಾಗದವಿಟ್ಟು ಕಡಿಮೆ ಶಾಖದಲ್ಲಿ ಇಸ್ತ್ರಿ ಎಳೆದರೆ ಮೇಣ ಕರಗಿ ಎಳೆಯೊಳಗೆ ಇಳಿಯುತ್ತದೆ.

ಒಂದು ಎಚ್ಚರಿಕೆ. ಮೇಣವನ್ನು ಎಂದೂ ನೇರವಾಗಿ ಉರಿಯ ಮೇಲೆ ಇಡಬೇಡಿ. ಅಕಸ್ಮಾತ್ ಹೊತ್ತಿಕೊಂಡರೆ ನೀರು ಸುರಿಯಬೇಡಿ, ಉರಿ ಇನ್ನಷ್ಟು ಸಿಡಿಯುತ್ತದೆ. ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು. ಮೇಣ ಹಾಕಿದ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ, ಅದನ್ನು ತೊಟ್ಟು ಒಲೆಯ ಹತ್ತಿರ ಹೋಗಬಾರದು.

ಇನ್ನು ಚೀಲದ ಸರದಿ. ನನಗೆ ಹೆದರಿಕೆಯಿದ್ದದ್ದು ಆ ಕೆಂಪು ಗೋಪುರದ್ದು. ಶಾಖಕ್ಕೆ ಬಣ್ಣ ಬಿಟ್ಟರೆ? ಮೊಮ್ಮಗಳೇ ದಾರಿ ತೋರಿಸಿದಳು. ಅಜ್ಜಿಯ ಹೊಲಿಗೆ ಡಬ್ಬಿಯಲ್ಲಿ ಅದೇ ಕೆಂಪು ನೂಲಿನ ಉಂಡೆ ಉಳಿದಿತ್ತು. ಖಾದಿಯ ಒಂದು ತುಂಡಿನ ಮೇಲೆ ತಾನೇ ನಾಲ್ಕು ಹೊಲಿಗೆ ಹಾಕಿ, "ಮೊದಲ ಇದಕ್ಕ ಹಚ್ಚಿ ನೋಡೂಣು" ಎಂದಳು. ಬಣ್ಣ ಬಿಡಲಿಲ್ಲ. ಬಟ್ಟೆ ಮಾತ್ರ ಒಂದಿಷ್ಟು ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ಚೀಲಕ್ಕೆ ಮೇಣ ತಿಕ್ಕಿದೆವು, ಹೊಲಿಗೆಗಳಿಗೆ ಎರಡೆರಡು ಸಲ.

ಮರುದಿನ ಮಳೆಯಲ್ಲೇ ಅವಳು ಶಾಲೆಗೆ ಹೋದಳು. ಸಂಜೆಯವರೆಗೂ ನಾನು ಬಾಗಿಲು ಕಾಯುತ್ತಿದ್ದೆ. ಬಂದವಳೇ ಚೀಲ ತೆರೆದು ತೋರಿಸಿದಳು. ಪುಸ್ತಕಗಳು ಒಣಗಿದ್ದವು. ತಳದ ಮೂಲೆಯಲ್ಲಿ ಒಂದು ಹಾಳೆಯ ತುದಿ ಮಾತ್ರ ರೂಪಾಯಿಯಗಲ ತೊಯ್ದಿತ್ತು. ಅಲ್ಲಿ ಹೊಲಿಗೆಗಳು ಸೇರುತ್ತವೆ, ನಮ್ಮ ಕೈ ಸರಿಯಾಗಿ ಮುಟ್ಟಿರಲಿಲ್ಲ.

ನಿಜ ಹೇಳುತ್ತೇನೆ. ಕಣಕುಂಬಿಯ ಸುರಿಮಳೆಯಲ್ಲಿ ತಾಸುಗಟ್ಟಲೆ ನಿಂತರೆ ಮೇಣದ ಬಟ್ಟೆ ಸೋಲುತ್ತದೆ. ಅಲ್ಲಿಗೆ ಛತ್ರಿ, ರೇನ್‌ಕೋಟ್ ಬೇಕೇ ಬೇಕು. ಚೀಲ, ಟೊಪ್ಪಿಗೆ, ಸಣ್ಣ ಮಳೆಯ ದಪ್ಪ ಕೋಟು, ಇಷ್ಟಕ್ಕೆ ಮೇಣ ಸೈ. ಮೈಗೆ ಅಂಟುವ ತೆಳು ಅಂಗಿಗೆ ಬೇಡ, ಸೆಕೆಯಾಗುತ್ತದೆ. ಇಂಥ ಬಟ್ಟೆಯನ್ನು ಬಿಸಿನೀರಿನಲ್ಲಿ, ಸಾಬೂನಿನಲ್ಲಿ ಒಗೆಯಬಾರದು. ತಣ್ಣೀರಿನ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಹರವಿದರೆ ಸಾಕು. ಹನಿ ಉರುಳದೆ ಇಂಗತೊಡಗಿದರೆ ಮತ್ತೆ ಮೇಣ ತಿಕ್ಕುವ ಕಾಲ ಬಂತೆಂದು ತಿಳಿಯಿರಿ.

ಈ ವರ್ಷ ರೋಹಿಣಿ ಮಳೆಗೆ ಮೊದಲೇ ಫೋನ್ ಬಂತು.

"ಅಜ್ಜಾ, ಮೇಣದ ಬಿಲ್ಲಿ ತಗೊಂಡು ಬಾ. ಈ ಸಲ ಆ ಮೂಲಿಗೆ ನಾನ ತಿಕ್ಕತೀನಿ."