ಚಂದ್ರವಳ್ಳಿಗೆ ರೋಮಿನ ಬೆಳ್ಳಿ ಬಂದ ದಾರಿ

ಗುಡೇಕೋಟೆಗೂ ರೋಮಿಗೂ ಏನು ಸಂಬಂಧ ಎಂದು ಕೇಳಿದರೆ ನಿಮಗೆ ನಗು ಬರಬಹುದು. ಆದರೆ ನಮ್ಮ ದಕ್ಷಿಣಕ್ಕೆ, ಚಿತ್ರದುರ್ಗದ ಬೆಟ್ಟಗಳ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ನೆಲ ಅಗೆದಾಗ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಲ್ಲಿ ಉತ್ಖನನ ಮಾಡಿಸಿದವರಲ್ಲಿ ಒಬ್ಬರು ಮೈಸೂರಿನ ಡಾ. ಎಂ.ಎಚ್. ಕೃಷ್ಣ. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅದೇ ವರ್ಷ ನಮ್ಮ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅವರು ಕೆಲಸ ಮಾಡಿದರು. ಬೆಂಗಳೂರಿನ ಯಶವಂತಪುರದಲ್ಲಂತೂ 1891ರಲ್ಲೇ 163 ರೋಮನ್ ಬೆಳ್ಳಿ ನಾಣ್ಯಗಳು ಒಂದೇ ಕಡೆ ಸಿಕ್ಕಿದ್ದವು.

ರೋಮನ್ನರು ನಮ್ಮ ಕರಾವಳಿಯನ್ನು ಎಂದೂ ಆಳಲಿಲ್ಲ. ಅವರು ಆಳಿದ್ದು ಸಮುದ್ರದ ಆಚೆ ದಡವನ್ನು. ಕ್ರಿ.ಪೂ. 30ರಲ್ಲಿ ಈಜಿಪ್ಟ್ ರೋಮಿನ ಪ್ರಾಂತ್ಯವಾಯಿತು. ಅದರ ಜೊತೆಗೆ ಕೆಂಪು ಸಮುದ್ರದ ತೀರದ ಬೆರೆನಿಕೆ, ಮಯೋಸ್ ಹೋರ್ಮೋಸ್ ಎಂಬ ಬಂದರುಗಳೂ ಅವರ ಕೈಗೆ ಬಂದವು. ಮಯೋಸ್ ಹೋರ್ಮೋಸಿನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವು ಎಂದು ಸ್ಟ್ರಾಬೋ ಬರೆದಿದ್ದಾನೆ. ಜುಲೈ ಹೊತ್ತಿಗೆ ಹೊರಟರೆ ಮುಂಗಾರಿನ ಗಾಳಿ ಹಡಗನ್ನು ಈ ಕಡೆಗೆ ತಳ್ಳುತ್ತಿತ್ತು. ಡಿಸೆಂಬರ್, ಜನವರಿಯ ಗಾಳಿಯಲ್ಲಿ ವಾಪಸ್ ಪ್ರಯಾಣ. ಬೆರೆನಿಕೆಯ ಒಂದು ದೇವಾಲಯದಲ್ಲಿ ಭಾರತದ ಮಡಕೆಯೊಂದು ಸಿಕ್ಕಿದೆ. ಅದರಲ್ಲಿ ಸುಮಾರು ಏಳೂವರೆ ಕೆ.ಜಿ. ಕರಿಮೆಣಸು ಇನ್ನೂ ಹಾಗೇ ಇತ್ತು!

ಹಡಗುಗಳ ಮುಖ್ಯ ಗುರಿ ಕೇರಳದ ಮುಜಿರಿಸ್. ನಮ್ಮ ಕರ್ನಾಟಕದ ಕರಾವಳಿಯ ಹೆಸರು ಅವರ ಬರಹಗಳಲ್ಲಿ ಕಡಿಮೆ. ಮುಜಿರಿಸ್‌ಗೆ ಹೋಗುವವರು ನಿತ್ರಿಯಾಸ್ ಎಂಬಲ್ಲಿನ ಕಡಲುಗಳ್ಳರಿಗೆ ಹೆದರಬೇಕು ಎಂದು ಪ್ಲೀನಿ ಎಚ್ಚರಿಸುತ್ತಾನೆ. ಅದು ನೇತ್ರಾವತಿ ನದಿಯ ಹೆಸರೇ, ಅಂದರೆ ಮಂಗಳೂರಿನ ಕಡೆ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ರಾಜನೊಬ್ಬ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಾನೆ. ಅದು ಕನ್ನಡ ಎಂದು ಹುಲ್ಚ್ 1904ರಲ್ಲಿ ಹೇಳಿದರು, ಆರ್. ಶಾಮಶಾಸ್ತ್ರಿಗಳು ಒಪ್ಪಿದರು, ಬಾರ್ನೆಟ್ ಒಪ್ಪಲಿಲ್ಲ. ಈ ವಾದಕ್ಕೇ ಬೇರೆ ಲೇಖನ ಬೇಕು.

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಹಣದ ಲೆಕ್ಕ. ಭಾರತ ಪ್ರತಿವರ್ಷ ನಮ್ಮಿಂದ 5 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿದೆ, ಅಲ್ಲಿಯ ಸರಕು ನಮ್ಮಲ್ಲಿ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಎಂಬುದು ಪ್ಲೀನಿಯ ದೂರು. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್ ಬೆಳ್ಳಿ ನಾಣ್ಯ. ಅಂದರೆ 1.25 ಕೋಟಿ ಡಿನೇರಿಯಸ್. ಆಗ ರೋಮಿನ ಸಿಪಾಯಿಯ ಒಂದು ವರ್ಷದ ಸಂಬಳ 225 ಡಿನೇರಿಯಸ್. ಹಾಗಾದರೆ ಇದು 55 ಸಾವಿರಕ್ಕೂ ಹೆಚ್ಚು ಸಿಪಾಯಿಗಳ ವರ್ಷದ ಸಂಬಳ!

ಈ ಮಾತನ್ನು ಓದಿ ನಾವು ಹೆಮ್ಮೆಪಡುತ್ತೇವೆ, ರೋಮಿನ ಸಂಪತ್ತೆಲ್ಲ ನಮಗೆ ಹರಿದುಬಂತು ಎನ್ನುತ್ತೇವೆ. ನನಗೆ ಅದು ಅರ್ಧ ಲೆಕ್ಕ ಅನಿಸುತ್ತದೆ. ನೂರು ಪಟ್ಟು ಎಂಬುದು ಉತ್ಪ್ರೇಕ್ಷೆ ಇರಬೇಕು, ಏಕೆಂದರೆ ಆ ಪ್ರಕಾರ 5 ಕೋಟಿಯ ಸರಕು 500 ಕೋಟಿಗೆ ಹೋಗಬೇಕಾಗುತ್ತದೆ. ಹತ್ತು ಪಟ್ಟು ಎಂದೇ ಇಟ್ಟುಕೊಳ್ಳಿ. ಮಧ್ಯದ ಆ ಹಣ ಯಾರ ಪಾಲಾಯಿತು? ಭಾರತದಿಂದ ಬಂದ ಸರಕಿನ ಮೇಲೆ ರೋಮ್ ಸರ್ಕಾರ ಶೇ. 25 ಸುಂಕ ಹಾಕುತ್ತಿತ್ತು. ಒಂಟೆಯವರಿಗೆ, ನೈಲ್ ನದಿಯ ದೋಣಿಯವರಿಗೆ ಬಾಡಿಗೆ ಬೇರೆ. ಸಾಲ ಕೊಟ್ಟವರೂ ಇದ್ದರು. ಮುಜಿರಿಸ್ ಯಾನಕ್ಕಾಗಿ ಎರಡನೇ ಶತಮಾನದಲ್ಲಿ ಮಾಡಿಕೊಂಡ ಸಾಲದ ಕರಾರು ಪತ್ರ ಇಂದಿಗೂ ವಿಯೆನ್ನಾದಲ್ಲಿದೆ, ಅದರಲ್ಲಿ ಸರಕೇ ಅಡಮಾನ. ಹಡಗಿನ ಹೆಸರು ಹೆರ್ಮಪೊಲ್ಲೋನ್. ಹೀಗೆ ಲಾಭದ ದೊಡ್ಡ ಪಾಲು ರೋಮ್ ಆಳುತ್ತಿದ್ದ ದಡದಲ್ಲೇ ಉಳಿಯಿತು. ಬೆಳೆದವನಿಗೆ ಸಿಗುವ ದರ ಒಂದು, ಪಟ್ಟಣದ ಅಂಗಡಿಯ ದರ ಇನ್ನೊಂದು ಎಂಬುದನ್ನು ನಮ್ಮ ಕಡೆ ಹುಣಸೆಹಣ್ಣು ಮಾರುವವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹಾಗೆಂದು ನಮ್ಮ ವ್ಯಾಪಾರಿಗಳು ದಡ್ಡರೇನಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವು ಅಗಸ್ಟಸ್, ಟೈಬೀರಿಯಸ್ ಕಾಲದವೇ. ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್‌ನ ತೂಕ ಇಳಿಸಿ ಬೆಳ್ಳಿಗೆ ತಾಮ್ರ ಬೆರೆಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ಇಲ್ಲಿ ಅಪರೂಪ. ಇಲ್ಲಿಯವರಿಗೆ ಬೇಕಾಗಿದ್ದು ನಾಣ್ಯದ ಮೇಲಿನ ಮುಖವಲ್ಲ, ಅದರೊಳಗಿನ ಬೆಳ್ಳಿ.

ಚಂದ್ರವಳ್ಳಿಯಲ್ಲೇ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ಸಿಕ್ಕಿವೆ. ಸಂತೆಯ ಚಿಲ್ಲರೆಗೆ ಸೀಸ, ದೊಡ್ಡ ವ್ಯವಹಾರಕ್ಕೆ ಬೆಳ್ಳಿ ಎಂದು ನಾನು ಊಹಿಸುತ್ತೇನೆ. ಅಂದಹಾಗೆ, ಮನೆಯಲ್ಲಿ ಉರ್ದು ಮಾತಾಡುವ ನಮಗೆ ಡಿನೇರಿಯಸ್ ಪೂರ್ತಿ ಅಪರಿಚಿತವಲ್ಲ. ಅರಬ್ಬಿಯ ದೀನಾರ್, ಸಂಸ್ಕೃತದ ದೀನಾರ ಎರಡೂ ಹುಟ್ಟಿದ್ದು ಆ ಪದದಿಂದಲೇ.